ಘಟ್ಟದ ಮೇಲೊಂದು ಕೂಟ, ಘಟ್ಟದ ಕೆಳಗೊಂದು ಕೂಟ

ಕುಂದಾಪುರದ ಕಡೆ ಬೈಕ್ ಇರುವ ಹುಡುಗರಿಗೆ ನಗರದ ಕೋಟೆ ಹೊಸತಲ್ಲ. ಸಿದ್ದಾಪುರ ದಾಟಿ ಹೊಸಂಗಡಿ, ಅಲ್ಲಿಂದ ಬಾಳೆಬರೆ ಘಾಟಿ ಹತ್ತಿ ಮಾಸ್ತಿಕಟ್ಟೆ, ಆಮೇಲೆ ನಗರ. ಬೈಂದೂರಿನವರಾದರೆ ಕೊಲ್ಲೂರು ಘಾಟಿ ಹತ್ತಿ ನಿಟ್ಟೂರು ಮೇಲೆ ಹೋಗ್ತಾರೆ. ಕೋಟೆ ಮೇಲೆ ನಿಂತು ಮಂಜಿನ ಫೋಟೊ ಹೊಡೆದು, ದಾರಿಯಲ್ಲಿ ಎಲ್ಲಾದರೂ ಬಿಸಿ ಗೋಳಿಬಜೆ ತಿಂದು ವಾಪಸ್. ಕುಂದಾಪುರ, ಬೈಂದೂರು, ಬ್ರಹ್ಮಾವರದಿಂದ ಒಬ್ಬೊಬ್ಬರಂತೆ ನಾವು ಮೂವರು ಕೂಡ ಅಷ್ಟನ್ನೇ ಮಾಡಿ ಬಂದವರು. ಕೋಟೆ ಶಿವಪ್ಪ ನಾಯಕನದ್ದು ಅನ್ನೋದು ಗೊತ್ತಿತ್ತು. ಮುಂದಿನದ್ದು ಗೊತ್ತಿರಲಿಲ್ಲ.

ಹೈಸ್ಕೂಲಿನಲ್ಲಿ ‘ನಗರ್ ರಿವೋಲ್ಟ್’ ಅಂತ ಒಂದು ಸಾಲು ಓದಿದ್ದು ನೆನಪಿದೆ. ನಾವು ಮೂವರೂ ಇಂಗ್ಲಿಷ್ ಮೀಡಿಯಂ. ಆ ‘ನಗರ್’ ನಮ್ಮ ತಲೆಯಲ್ಲಿ ಜಯನಗರ, ರಾಜಾಜಿನಗರದ ಹಾಗೆ ಯಾವುದೋ ಸಿಟಿಯ ಏರಿಯಾ ಆಗಿತ್ತು. ನಾವು ಗೋಳಿಬಜೆ ತಿಂದು ಬಂದ ಊರೇ ಅದು, ಅಲ್ಲಿಯ ರೈತರು ಎದ್ದದ್ದರಿಂದ ಮೈಸೂರು ಮಹಾರಾಜರ ಕೈಯಿಂದ ಆಡಳಿತ 50 ವರ್ಷ ಜಾರಿ ಹೋಯ್ತು ಅಂತ ಗೊತ್ತಾದದ್ದು ಈ ಲೇಖನಕ್ಕೆ ಓದಲು ಕೂತಾಗ. ಅದೇ ಚಳಿಗಾಲದಲ್ಲಿ ಘಟ್ಟದ ಕೆಳಗೆ, ನಮ್ಮ ಕಡೆಯ ಕೆನರಾ ಜಿಲ್ಲೆಯಲ್ಲೂ ಜನ ಎದ್ದಿದ್ದರು ಅನ್ನೋದಂತೂ ಯಾವ ಪಾಠದಲ್ಲೂ ನಮಗೆ ಸಿಕ್ಕಿರಲಿಲ್ಲ.

ಮೊದಲು ಕೆಳದಿ ಅರಸರ ಕಾಲಕ್ಕೆ ಹೋಗಬೇಕು. ಅವರ ರಾಜಧಾನಿ ಬಿದನೂರು, ಅದೇ ಈಗಿನ ನಗರ. ಆಗ ಘಟ್ಟದ ಮೇಲೂ ಕೆಳಗೂ ಒಂದೇ ರಾಜ್ಯ. ಬಸ್ರೂರು, ಗಂಗೊಳ್ಳಿ, ಕುಂದಾಪುರ ಅದಕ್ಕೆ ಬಂದರುಗಳು. ಮೇಲಿನ ಕಾಳುಮೆಣಸು, ಕೆಳಗಿನ ಅಕ್ಕಿ, ಎರಡೂ ಇಲ್ಲಿಂದಲೇ ಹಡಗು ಹತ್ತುತ್ತಿದ್ದವು. ಶಿವಪ್ಪ ನಾಯಕ ಜಮೀನಿನ ಗುಣ ನೋಡಿ ಕಟ್ಟಿದ ಕಂದಾಯಕ್ಕೆ ‘ಶಿಸ್ತು’ ಅಂತ ಹೆಸರು. ನಮಗೆ ಶಿಸ್ತು ಅಂದ್ರೆ ಪಿಟಿ ಮೇಷ್ಟ್ರು. ಅವತ್ತಿನ ರೈತನಿಗೆ ಶಿಸ್ತು ಅಂದ್ರೆ ಲೆಕ್ಕ ಹಾಕಿ ನಿಗದಿ ಮಾಡಿದ ಮೊತ್ತ, ಅದರ ಮೇಲೆ ಕೇಳಬಾರದು. ಆದರೆ 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ಆಮೇಲೆ ಶಿಸ್ತಿನ ಮೇಲೆ ಹೇರಿದ ಹೆಚ್ಚುವರಿಗೆ ನಮ್ಮ ಕರಾವಳಿಯ ಲೆಕ್ಕದಲ್ಲಿ ‘ಶಾಮಿಲು’ ಅಂತಲೇ ಬೇರೆ ಹೆಸರು ಬಂತು.

1799ರಲ್ಲಿ ಟಿಪ್ಪು ಸತ್ತ ಮೇಲೆ ನಕ್ಷೆಯಲ್ಲಿ ಒಂದು ಗೆರೆ ಬಿತ್ತು. ಘಟ್ಟದ ಕೆಳಗಿನ ಕೆನರಾವನ್ನು ಈಸ್ಟ್ ಇಂಡಿಯಾ ಕಂಪನಿ ತಾನೇ ಇಟ್ಟುಕೊಂಡಿತು, ಥಾಮಸ್ ಮನ್ರೋ ಮೊದಲ ಕಲೆಕ್ಟರ್. ಘಟ್ಟದ ಮೇಲಿನ ನಗರ ಸೀಮೆ ಮೈಸೂರು ಒಡೆಯರ ರಾಜ್ಯಕ್ಕೆ ಹೋಯ್ತು. ಒಂದು ದಿನದ ನಡಿಗೆ ದೂರದ ಹೊಸಂಗಡಿ ಒಂದು ಸರ್ಕಾರ, ಹುಲಿಕಲ್ಲು ಇನ್ನೊಂದು ಸರ್ಕಾರ.

ಮೈಸೂರಿನ ಸಿಂಹಾಸನದಲ್ಲಿ ಕೂತದ್ದು 5 ವರ್ಷದ ಹುಡುಗ, ಮುಮ್ಮಡಿ ಕೃಷ್ಣರಾಜ ಒಡೆಯರು. ದಿವಾನ್ ಪೂರ್ಣಯ್ಯನವರು ನಡೆಸಿಕೊಟ್ಟು 1811ರ ಹೊತ್ತಿಗೆ ಆಡಳಿತ ಬಿಟ್ಟುಕೊಟ್ಟರು. ಇಲ್ಲಿ ನಮಗೆ ಸ್ವಲ್ಪ ಕಷ್ಟ ಆಯ್ತು. ಯಾಕಂದ್ರೆ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಮುಮ್ಮಡಿಯವರು ಬಹಳ ಒಳ್ಳೆಯ ಮನುಷ್ಯ. ಕೆಂಪುನಾರಾಯಣ 1823ರಲ್ಲಿ ‘ಮುದ್ರಾಮಂಜೂಷ’ ಬರೆದದ್ದು ಇವರ ಆಶ್ರಯದಲ್ಲಿ. ಶ್ರೀತತ್ತ್ವನಿಧಿಯಂಥ ಚಿತ್ರಗಳ ಗ್ರಂಥ ಇವರದ್ದು. ಕನ್ನಡ ಕ್ಲಬ್ಬಿನ ಪತ್ರಿಕೆಯಲ್ಲಿ ಇವರ ವಿರುದ್ಧ ಬರೆಯುವುದಾ ಅಂತ ನಮ್ಮೊಳಗೇ ಒಂದು ಜಗಳ ಆಯ್ತು. ಕಡೆಗೆ ಒಪ್ಪಿದ್ದು ಇಷ್ಟು: ಅರಮನೆಯ ಜಗಲಿಯಲ್ಲಿ ಕೂತ ಕವಿಗೆ ಕಾಣುವ ರಾಜ ಬೇರೆ, ನಗರದ ಅಡಿಕೆ ತೋಟದಲ್ಲಿ ನಿಂತವನಿಗೆ ಕಾಣುವ ರಾಜ ಬೇರೆ. ಎರಡೂ ಸುಳ್ಳಲ್ಲ.

ತೋಟದವನಿಗೆ ರಾಜ ಕಾಣುತ್ತಲೇ ಇರಲಿಲ್ಲ, ನಿಜ ಹೇಳಬೇಕಂದ್ರೆ. ಅವನಿಗೆ ಕಾಣುತ್ತಿದ್ದದ್ದು ಅಮಲ್ದಾರ. 1799ರ ಒಪ್ಪಂದದ ಪ್ರಕಾರ ಮೈಸೂರು ಪ್ರತಿ ವರ್ಷ ಕಂಪನಿಗೆ 7 ಲಕ್ಷ ಪಗೋಡ ಕಟ್ಟಬೇಕು, ಅಂದ್ರೆ ಸುಮಾರು 24.5 ಲಕ್ಷ ರೂಪಾಯಿ. ಅದರ ಮೇಲೆ ಅರಮನೆಯ ಖರ್ಚು, ಸಾಲ. ಹಣ ತಪ್ಪದೆ ಬರಲಿ ಅಂತ ‘ಶರ್ತಿ’ ಎಂಬ ಪದ್ಧತಿ ಬಂತು. ಅಮಲ್ದಾರ ತನ್ನ ತಾಲೂಕಿನಿಂದ ಇಷ್ಟು ಹಣ ತರುತ್ತೇನೆ ಅಂತ ಮೊದಲೇ ಬರೆದುಕೊಡಬೇಕು. ಹೆಚ್ಚು ಬಂದರೆ ಸರ್ಕಾರಕ್ಕೆ, ಕಡಿಮೆ ಬಿದ್ದರೆ ಅಮಲ್ದಾರ ತುಂಬಿಕೊಡಬೇಕು.

ಇದನ್ನು ಎರಡು ಸಲ ಓದಿ. ಮಳೆ ಬರಲಿ ಬಿಡಲಿ, ಅಡಿಕೆಗೆ ಕೊಳೆ ರೋಗ ಬರಲಿ ಬಿಡಲಿ, ಅಮಲ್ದಾರನ ಟಾರ್ಗೆಟ್ ಬದಲಾಗುವುದಿಲ್ಲ. ಅವನು ತನ್ನ ಮನೆಯಿಂದ ತುಂಬುತ್ತಾನಾ? ರೈತನ ಮೇಲೆ ಬೀಳ್ತಾನೆ. ರೈತ ದೂರು ಕೊಡುವುದು ಯಾರಿಗೆ? ಅದೇ ಅಮಲ್ದಾರನಿಗೆ. ಈ ಸೆಮಿಸ್ಟರ್ ನಮಗೆ ಕಂಟ್ರೋಲ್ ಸಿಸ್ಟಮ್ಸ್ ಇದೆ, ಅದರ ಭಾಷೆಯಲ್ಲಿ ಹೇಳುವುದಾದರೆ ಔಟ್‌ಪುಟ್ ಮಾತ್ರ ಅಳೆಯುತ್ತಿದ್ದರು, ಫೀಡ್‌ಬ್ಯಾಕ್ ವೈರ್ ಕತ್ತರಿಸಿ ಇಟ್ಟಿದ್ದರು. (ನಮ್ಮ ಇಂಟರ್ನಲ್ಸ್ ಮಾರ್ಕ್ ನೋಡಿದವರು ಈ ಉದಾಹರಣೆಯನ್ನು ಹೆಚ್ಚು ನಂಬಬೇಡಿ.)

ಸಣ್ಣಪುಟ್ಟ ತೆರಿಗೆಗಳ ಕತೆ ಇನ್ನೂ ಮಜಾ. ಮುಂದೆ ಬ್ರಿಟಿಷ್ ಕಮಿಷನರ್‌ಗಳು ಮೈಸೂರು ರಾಜ್ಯದಲ್ಲಿ ತೆಗೆದುಹಾಕಿದ ಇಂಥ ತೆರಿಗೆಗಳ ಸಂಖ್ಯೆ 769. ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ಆ ಮಗುವಿನ ತಲೆ ಬೋಳಿಸಿದರೆ ಮತ್ತೊಂದು. ಯಾವುದೋ ಕಾಲದಲ್ಲಿ ಪಾಳೆಯಗಾರನೊಬ್ಬನ ಕುದುರೆ ತಪ್ಪಿಸಿಕೊಂಡಾಗ ಅಜ್ಜಂದಿರು ಹುಡುಕಿಕೊಡಲಿಲ್ಲ ಅಂತ ಒಂದು ಹಳ್ಳಿಯವರು ತೆರಿಗೆ ಕಟ್ಟುತ್ತಲೇ ಇದ್ದರು. ನಗರದಲ್ಲಿ ಒಂದು ಜಾಗ ಇತ್ತಂತೆ, ಅಲ್ಲಿ ಎರಡೂ ಕೈಗಳನ್ನು ಮೈಗೆ ಒತ್ತಿಕೊಂಡು ನಡೆಯಬೇಕು, ಕೈ ಬೀಸಿ ನಡೆದರೆ ಹಣ ತೆಗಿ. ಇವೆಲ್ಲ ಮುಮ್ಮಡಿಯವರು ಹಾಕಿದ್ದಲ್ಲ, ಬಹುಪಾಲು ಹಿಂದಿನಿಂದ ಬಂದದ್ದು. ಆದರೆ ಶರ್ತಿ ಬರೆದುಕೊಟ್ಟ ಅಮಲ್ದಾರ ಯಾವುದನ್ನು ಬಿಡ್ತಾನೆ ಹೇಳಿ. ನಾವು ಅದೇ ಊರಿನಲ್ಲಿ ಎರಡೂ ಕೈ ಮೇಲೆತ್ತಿ ಫೋಟೊ ತೆಗೆಸಿಕೊಂಡಿದ್ವಿ.

1820ರ ದಶಕದ ಕೊನೆಗೆ ನಗರದ ಫೌಜ್‌ದಾರನಾಗಿ ಬಂದದ್ದು ರಾಜರ ಸಂಬಂಧಿ ವೀರರಾಜ ಅರಸು. ಫೌಜ್‌ದಾರ ಅಂದ್ರೆ ಹಲವು ತಾಲೂಕುಗಳ ಮೇಲಿನ ಅಧಿಕಾರಿ. ಅದಕ್ಕೂ ಮೊದಲು ಅಲ್ಲಿ ಬಹಳ ಕಾಲ ರಾಮರಾವ್ ಮತ್ತು ಅವನ ಬಳಗದ್ದೇ ಕಾರುಬಾರು. ಹೊಸ ಫೌಜ್‌ದಾರ ಹಳೆಯ ಲೆಕ್ಕ ಬಿಚ್ಚಿದ. ಹಿಂದಿನವರು ಕಂದಾಯದಲ್ಲಿ ಕೊಟ್ಟಿದ್ದ ಮಾಫಿಗಳು ಮೋಸದ್ದು, ಬಾಕಿ ಕಟ್ಟಿ ಅಂದ. ಒಂದು ಕಡೆಯಿಂದ ನೋಡಿದರೆ ಇದು ಭ್ರಷ್ಟಾಚಾರದ ತನಿಖೆ. ಇನ್ನೊಂದು ಕಡೆಯಿಂದ ನೋಡಿದರೆ ಎಷ್ಟೋ ವರ್ಷದ ಹಿಂದೆ ಮುಗಿದ ಲೆಕ್ಕಕ್ಕೆ ಈಗ ಹಣ ಕೇಳುವುದು, ಅದೂ ಬೆಳೆಗೆ ಬೆಲೆ ಬಿದ್ದುಹೋದ ಹೊತ್ತಿನಲ್ಲಿ. ಮೊದಲು ಬೆಚ್ಚಿದವರು ಪಟೇಲರು, ಗೌಡರು.

1830ರಲ್ಲಿ ‘ಕೂಟ’ಗಳು ಶುರುವಾದವು. ಈ ಪದ ನಮಗೆ ಬಹಳ ಇಷ್ಟ ಆಯ್ತು. ಇಂಗ್ಲಿಷ್ ಕಾಗದಪತ್ರಗಳಲ್ಲೂ ‘ಕೂಟ್’ ಅಂತಲೇ ಬರೆದಿದ್ದಾರೆ, ಅನುವಾದ ಮಾಡಲು ಹೋಗಿಲ್ಲ. ತಾಳಮದ್ದಳೆ ಕೂಟ ಅಂತೀವಲ್ಲ, ಅದೇ ಕೂಟ. ಊರಿನವರು ಒಂದು ಕಡೆ ಸೇರುವುದು, ಪಕ್ಕದ ಊರಿಗೆ ಓಲೆ ಕಳಿಸುವುದು, ಅಹವಾಲು ಕೇಳುವವರೆಗೆ ಕಂದಾಯ ಕಟ್ಟಬಾರದು ಅಂತ ಮಾತಾಗುವುದು. ಒಬ್ಬನೇ ಹೋಗಿ ಕಟ್ಟಲ್ಲ ಅಂದ್ರೆ ಅವನ ಎತ್ತು ಹೋಗುತ್ತೆ, ಪಾತ್ರೆ ಹೋಗುತ್ತೆ. ಊರಿಗೆ ಊರೇ ಕಟ್ಟಲ್ಲ ಅಂದ್ರೆ ಅಮಲ್ದಾರ ಎಷ್ಟು ಮನೆಯ ಪಾತ್ರೆ ಹೊರುತ್ತಾನೆ? ಬಸವಾಪಟ್ಟಣ, ಹೊನ್ನಾಳಿ ಕಡೆಯಿಂದ ನಗರದ ಮಲೆನಾಡಿನವರೆಗೆ ಇದು ಹಬ್ಬಿತು. ಸ್ಕೂಲಿನಲ್ಲಿ ನಾವು ಓದಿದ್ದು ‘ದಂಗೆ’. ಅವರು ಮಾಡಿದ್ದು ಕೂಟ. ದಂಗೆ ಆದದ್ದು ಆಮೇಲೆ, ಪಡೆ ಬಂದ ಮೇಲೆ.

ಈಗ ಕತೆಯ ವಿಚಿತ್ರ ಭಾಗ. ಕೂಟ ಸೇರಿದವರಿಗೆ ಒಬ್ಬ ನಾಯಕ ಸಿಕ್ಕಿದ, ಬೂದಿ ಬಸವಪ್ಪ. ತಾನು ಕೆಳದಿ ವಂಶದವನು, ನಗರದ ಸಿಂಹಾಸನ ತನ್ನದು ಅಂತ ಹೇಳಿಕೊಂಡ. ಅವನ ನಿಜವಾದ ಹೆಸರು ಸಾದರ ಮಲ್ಲ, ಸಾಮಾನ್ಯ ರೈತನ ಮಗ, ಕಳ್ಳತನಕ್ಕೆ ಜೈಲು ಕಂಡವನು ಅಂತ ಇಂಗ್ಲಿಷ್ ಬರಹಗಾರರು ಬರೀತಾರೆ. ಕೆಳದಿ ಮನೆತನಕ್ಕೆ ಹತ್ತಿರವಿದ್ದ ಒಬ್ಬ ಜಂಗಮರ ಸೇವೆಯಲ್ಲಿದ್ದು ಹಳೆಯ ಮುದ್ರೆಗಳನ್ನು ದಕ್ಕಿಸಿಕೊಂಡನಂತೆ. ಇನ್ನೊಂದು ಕತೆ ನಮ್ಮ ಕಡೆಗೆ ಸೇರಿದ್ದು. ಕೆನರಾದ ಕಂಪನಿ ಕಚೇರಿಗಳಿಂದ ತನ್ನ ಈ ಹೊಸ ಹೆಸರಿನಲ್ಲಿ ರಹದಾರಿ, ಅಂದ್ರೆ ಪ್ರಯಾಣದ ಪರವಾನಗಿ, ಮಾಡಿಸಿಕೊಂಡು ಘಟ್ಟದ ಮೇಲೆ ಹೋಗಿ ‘ನೋಡಿ ಕಂಪನಿ ಮೊಹರು, ನಾನೇ ರಾಜ ಅಂತ ಅವರೂ ಒಪ್ಪಿದ್ದಾರೆ’ ಅಂತ ತೋರಿಸುತ್ತಿದ್ದನಂತೆ. ಇದನ್ನು ಓದಿ ನಾವು ನಕ್ಕದ್ದು ಹೌದು. ಫೇಕ್ ಸರ್ಟಿಫಿಕೇಟ್! ಆದರೆ ಈ ಕತೆ ಹೇಳಿದವರು ಅವನ ವಿರೋಧಿಗಳು, ಅದನ್ನೂ ನೆನಪಿಡಬೇಕು.

ನಗರಕ್ಕೆ ಇದು ಹೊಸತೂ ಅಲ್ಲ. 1763ರಲ್ಲಿ ಹೈದರಾಲಿ ಬಿದನೂರಿನ ಮೇಲೆ ಬಂದಾಗಲೂ ಜೊತೆಯಲ್ಲಿ ಒಬ್ಬ ‘ರಾಜ’ ಇದ್ದ. ಸತ್ತುಹೋದ ಎಂದು ಎಲ್ಲರೂ ನಂಬಿದ್ದ ಚೆನ್ನಬಸಪ್ಪ ನಾಯಕ ನಾನೇ, ರಾಣಿ ವೀರಮ್ಮಾಜಿಯಿಂದ ತಪ್ಪಿಸಿಕೊಂಡು ಬದುಕಿದ್ದೇನೆ ಅಂದವನು. ಹೈದರನ ಸೈನಿಕರು ಅವನಿಗೆ ‘ಗೈಬು ರಾಜ’ ಅಂತ ತಮಾಷೆಯ ಹೆಸರಿಟ್ಟಿದ್ದರು. ಕೋಟೆ ಸಿಕ್ಕ ಮೇಲೆ ಹೈದರ ಅವನಿಗೆ ರಾಜ್ಯ ಕೊಡಲಿಲ್ಲ, ಊರಿಗೇ ಹೈದರ್‌ನಗರ ಅಂತ ತನ್ನ ಹೆಸರಿಟ್ಟ.

ಹಾಗಾದರೆ 1830ರ ಗೌಡರು ದಡ್ಡರಾ? ನಮಗೆ ಹಾಗನ್ನಿಸಲಿಲ್ಲ. ಅವರಿಗೆ ಬೇಕಾಗಿದ್ದದ್ದು ಬೂದಿ ಬಸವಪ್ಪ ಅಲ್ಲ, ಶಿಸ್ತಿನ ಕಾಲ. ನಮ್ಮ ಅಜ್ಜನ ಕಾಲದಲ್ಲಿ ಇಷ್ಟೇ ಇತ್ತು, ಇದಕ್ಕಿಂತ ಹೆಚ್ಚು ಕೇಳಬಾರದು ಅನ್ನುವ ಮಾತನ್ನು ಆ ಕಾಲದಲ್ಲಿ ಕಾನೂನಿನ ಭಾಷೆಯಲ್ಲಿ ಹೇಳಲು ಜಾಗ ಇರಲಿಲ್ಲ. ಒಂದು ರಾಜವಂಶದ ಹೆಸರಿನಲ್ಲಿ ಹೇಳಬಹುದಿತ್ತು. ಅದೇ 1830ರ ಜುಲೈನಲ್ಲಿ ಪ್ಯಾರಿಸ್ಸಿನ ಜನ ಮೂರು ದಿನ ಬೀದಿಯಲ್ಲಿ ಹೋರಾಡಿ ಹತ್ತನೆಯ ಚಾರ್ಲ್ಸ್ ದೊರೆಯನ್ನು ಇಳಿಸಿದರು. ಇಳಿಸಿ ಕೂರಿಸಿದ್ದು ಯಾರನ್ನು? ಇನ್ನೊಬ್ಬ ದೊರೆಯನ್ನು, ಲೂಯಿ ಫಿಲಿಪ್. ಪ್ಯಾರಿಸ್ಸಿಗೇ ಹಾಗಾದರೆ ನಗರದವರನ್ನು ಏನು ದೂರುವುದು.

ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕ ಕೂಡ ಎದ್ದು ಕಲ್ದುರ್ಗ, ಕಾಮನದುರ್ಗ ಹಿಡಿದ. ಆಗ ವಿಷಯ ಕಂದಾಯದಿಂದ ಯುದ್ಧಕ್ಕೆ ಹೋಯ್ತು. ವರ್ಷದ ಕೊನೆಗೆ ರಾಜರೇ ಪಡೆ ಕಟ್ಟಿಕೊಂಡು ಹೊರಟರು. ಸಿಕ್ಕಿಬಿದ್ದವರಲ್ಲಿ ಹಲವರು ನೇಣಿಗೆ ಹೋದರು. ಆದರೂ ಆರಲಿಲ್ಲ. ರಾಜರು ಕಂಪನಿಯ ಸೈನ್ಯ ಕರೆಸಬೇಕಾಯ್ತು, ಕರ್ನಲ್ ಇವಾನ್ಸ್‌ನ ಪಡೆ ಮಲೆನಾಡಿಗೆ ಬಂತು, 1831ರ ಮಳೆಗಾಲದ ಹೊತ್ತಿಗೆ ನಗರ ಮತ್ತೆ ಸರ್ಕಾರದ ಕೈಗೆ ಬಂತು.

ಗೆದ್ದದ್ದು ಯಾರು? ರೈತರು ಅಲ್ಲ. ರಾಜರೂ ಅಲ್ಲ. 1831ರ ಸೆಪ್ಟೆಂಬರ್ 7ರಂದು ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿಯವರಿಗೆ ಪತ್ರ ಬರೆದ: ಆಡಳಿತ ಕೆಟ್ಟಿದೆ, ಕಂಪನಿಗೆ ಬರಬೇಕಾದ ಹಣಕ್ಕೆ ಭದ್ರತೆ ಇಲ್ಲ, ರಾಜ್ಯ ನಮ್ಮ ಕೈಗೆ ಕೊಡಿ. ಅಕ್ಟೋಬರ್‌ನಲ್ಲಿ ಕೊಟ್ಟದ್ದೂ ಆಯ್ತು. 1799ರ ಒಪ್ಪಂದದಲ್ಲಿ ಇದ್ದದ್ದು ಅಗತ್ಯ ಬಿದ್ದರೆ ರಾಜ್ಯದ ಒಂದು ಭಾಗವನ್ನು ತೆಗೆದುಕೊಳ್ಳಬಹುದು ಅಂತ. ತೆಗೆದುಕೊಂಡದ್ದು ಪೂರ್ತಿ ರಾಜ್ಯ. ಆಮೇಲೆ ನಾಲ್ವರ ವಿಚಾರಣಾ ಸಮಿತಿ ಕೂತು 1833ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ಆ ನಾಲ್ವರಲ್ಲಿ ಒಬ್ಬ ಮಾರ್ಕ್ ಕಬ್ಬನ್. 1834ರಿಂದ 1861ರವರೆಗೆ ಮೈಸೂರನ್ನು ಕಮಿಷನರ್ ಆಗಿ ಆಳಿದ್ದೂ ಅವನೇ. ಬೆಂಗಳೂರಿಗೆ ಇಂಟರ್ನ್‌ಶಿಪ್‌ಗೆ ಹೋದಾಗ ಕಬ್ಬನ್ ಪಾರ್ಕಿನಲ್ಲಿ ಕೂತರೆ ನಗರದ ಕೂಟವನ್ನು ಒಮ್ಮೆ ನೆನೆಯಿರಿ. ಮುಮ್ಮಡಿಯವರು ರಾಜ್ಯ ವಾಪಸ್ ಕೇಳುತ್ತಲೇ 1868ರಲ್ಲಿ ತೀರಿಕೊಂಡರು. ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ಅಧಿಕಾರ ಮರಳಿದ್ದು 1881ರಲ್ಲಿ.

ಇನ್ನು ಘಟ್ಟ ಇಳಿಯೋಣ. ಮೇಲೆ ರಾಜ ಇದ್ದದ್ದಕ್ಕೆ ಕಷ್ಟ, ಕಂಪನಿ ಇದ್ದಿದ್ದರೆ ಸುಖ ಅಂತ ಬೆಂಟಿಂಕ್‌ನ ಪತ್ರ ಓದಿದರೆ ಅನ್ನಿಸಬಹುದು. ಹಾಗಿದ್ದರೆ 30 ವರ್ಷದಿಂದ ಕಂಪನಿಯೇ ಆಳುತ್ತಿದ್ದ ನಮ್ಮ ಕೆನರಾದಲ್ಲಿ ಅದೇ 1830-31ರಲ್ಲಿ ಕೂಟ ಯಾಕಾಯ್ತು? ಬೆಳೆ ಬೆಲೆ ಬಿದ್ದಿತ್ತು, ಕಂದಾಯ ಇಳಿದಿರಲಿಲ್ಲ. ಮೊದಲು ನಷ್ಟದ ಅರ್ಜಿ ಕೊಟ್ಟರು. ಒಬ್ಬೊಬ್ಬರದ್ದಲ್ಲ, ಊರಿನ ಎಲ್ಲರದ್ದೂ ಸೇರಿಸಿ. ಆಮೇಲೆ ಕಂದಾಯ ನಿಲ್ಲಿಸಿ ಕೂಟ ಸೇರಿದರು, 1831ರ ಆರಂಭದಲ್ಲಿ ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ದೊಡ್ಡ ಕೂಟವೇ ಆಯ್ತು. ಇಲ್ಲಿ ಯಾವ ಹಳೆಯ ರಾಜನೂ ಎದ್ದು ಬರಲಿಲ್ಲ, ನಗರದಂಥ ಯುದ್ಧವೂ ಆಗಲಿಲ್ಲ. ಕಲೆಕ್ಟರ್ ಡಿಕಿನ್ಸನ್ ತಲೆ ಕೆಡಿಸಿಕೊಂಡ, ಮದ್ರಾಸಿನವರು ವಿಚಾರಣೆ ಮಾಡಿಸಿದರು, 1833ರಲ್ಲಿ ಸ್ಟೋಕ್ಸ್ ಎಂಬ ಅಧಿಕಾರಿಯ ವರದಿ ಬಂತು. ಕಂದಾಯ ಅಷ್ಟೇನೂ ಭಾರವಲ್ಲ, ಕಚೇರಿಯ ಒಳಗಿನ ಕೆಲವರು ಜನರನ್ನು ಎತ್ತಿಕಟ್ಟಿದರು ಅನ್ನುವ ಧಾಟಿಯಲ್ಲಿ. ಘಟ್ಟದ ಮೇಲಿನ ವಿಷಯದಲ್ಲೂ ಇಂಗ್ಲಿಷ್ ಬರಹಗಾರರು ಹಳೆಯ ಫೌಜ್‌ದಾರನ ಬಳಗವೇ ಎತ್ತಿಕಟ್ಟಿತು ಅಂತ ಬರೀತಾರೆ. ಇರಬಹುದು. ನಮ್ಮ ಪರಿಚಯದವರ ಒಂದು ಹಾಸ್ಟೆಲಿನಲ್ಲಿ ಒಮ್ಮೆ ಎಲ್ಲರೂ ಮೆಸ್ ಊಟ ಬಿಟ್ಟು ಕೂತಾಗ ವಾರ್ಡನ್ ಕೇಳಿದ ಮೊದಲ ಪ್ರಶ್ನೆ ‘ಸಾಂಬಾರಿಗೆ ಏನಾಗಿದೆ’ ಅಂತ ಅಲ್ಲ, ‘ಇದಕ್ಕೆ ಲೀಡರ್ ಯಾರು’ ಅಂತ.

ಇಷ್ಟು ಓದಿ ನಮಗೆ ಹೆಮ್ಮೆ ಬಂದಿತ್ತು. ನಮ್ಮೂರಿನವರೂ ಕಂಪನಿಗೆ ‘ಕಟ್ಟಲ್ಲ’ ಅಂದಿದ್ದರು! ಅದನ್ನೇ ನಮ್ಮಲ್ಲೊಬ್ಬರ ಅಜ್ಜಿಗೆ ಹೇಳಿದ್ವಿ. ಅಜ್ಜಿ ಅಡಿಕೆ ಹೋಳು ಮಾಡ್ತಾ ಕೇಳಿಸಿಕೊಂಡು, “ಕಂದಾಯ ಕಟ್ಟುವರ್ ಯಾರ್ ಮಗಾ? ಒಡೇರ್ ಅಲ್ದಾ?” ಅಂದರು.

ನಾವು ಮೂವರೂ ಸುಮ್ಮನಾದ್ವಿ. ಕೆನರಾದಲ್ಲಿ ಸರ್ಕಾರಕ್ಕೆ ಕಂದಾಯ ಕಟ್ಟುತ್ತಿದ್ದವನು ವರ್ಗದಾರ, ಅಂದ್ರೆ ಯಾರ ಹೆಸರಿನಲ್ಲಿ ಜಾಗ ಇದೆಯೋ ಅವನು. ಗದ್ದೆ ಉಳುತ್ತಿದ್ದವನು ಒಕ್ಕಲು. ಮೂಲಗೇಣಿಯವನಾದರೆ ಪರವಾಗಿಲ್ಲ, ಗೇಣಿ ನಿಗದಿ, ಎಬ್ಬಿಸುವ ಹಾಗಿಲ್ಲ. ಚಾಲಗೇಣಿಯವನಾದರೆ ಒಡೆಯರು ಏಳು ಅಂದ ದಿನ ಏಳಬೇಕು. ಕೂಟ ಸೇರಿದ್ದು ಮುಖ್ಯವಾಗಿ ವರ್ಗದಾರರು, ಪಟೇಲರು. ಮೇಲೆ ನಗರದಲ್ಲೂ ಗೌಡರು. ಕಂದಾಯ ಇಳಿದರೆ ಒಕ್ಕಲಿನ ಗೇಣಿ ಇಳಿಯುತ್ತಿತ್ತಾ? ಹಾಗೆ ಯಾರೂ ಬರೆದುಕೊಟ್ಟಿರಲಿಲ್ಲ.

ನಮ್ಮ ಮೂವರಲ್ಲಿ ಇಬ್ಬರ ಮನೆಯವರು ಚಾಲಗೇಣಿ ಒಕ್ಕಲುಗಳು. ಈಗಿರುವ ಗದ್ದೆ ಮನೆಗೆ ಬಂದದ್ದು 1974ರ ಭೂಸುಧಾರಣೆಯ ಮೇಲೆ, ಡಿಕ್ಲರೇಶನ್ ಹಾಕಿ. ಆ ಕತೆ ಅಜ್ಜಿಗೆ ಬಾಯಿಪಾಠ. ಡಿಕ್ಲರೇಶನ್ ಹಾಕಿದ ಮೇಲೆ ಒಡೆಯರ ಮನೆಯ ಜಗಲಿಗೆ ಹೋಗಲಿಕ್ಕೆ ಹೆದರಿಕೆಯಾಗಿ ಬೇರೆ ದಾರಿಯಲ್ಲಿ ಸುತ್ತಿ ಅಂಗಡಿಗೆ ಹೋಗ್ತಿದ್ದರಂತೆ. ನಗರದ ಜಾಗದಲ್ಲಿ ಕೈ ಒತ್ತಿಕೊಂಡು ನಡೆಯುವ ನಿಯಮವನ್ನು ಓದಿ ನಕ್ಕಿದ್ದ ನಮಗೆ ಇದಕ್ಕೆ ನಗು ಬರಲಿಲ್ಲ.

ಹಾಗಂತ 1830ರ ಕೂಟ ಬರೀ ದೊಡ್ಡವರ ಆಟ ಅಂತ ತಳ್ಳಿಹಾಕಲೂ ಮನಸ್ಸು ಬರ್ತಾ ಇಲ್ಲ. ಸೇರಿದರೆ ಸರ್ಕಾರ ನಿಲ್ಲುತ್ತೆ ಅನ್ನುವ ನೆನಪು ಆ ಸೀಮೆಯಲ್ಲಿ ಉಳಿಯಿತೇನೋ. ಅದೇ ನಗರ ಫೌಜ್‌ದಾರಿಗೆ ಸೇರಿದ್ದ ಶಿಕಾರಿಪುರ ಸೀಮೆಯ ಈಸೂರಿನವರು 1942ರಲ್ಲಿ ‘ನಮ್ಮೂರಿಗೆ ನಮ್ಮದೇ ಸರ್ಕಾರ’ ಅಂತ ಸಾರಿದರು. ಆಗ ಅವರು ಯಾವ ಹಳೆಯ ವಂಶದ ರಾಜನನ್ನೂ ಹುಡುಕಲಿಲ್ಲ. ಊರಿನ ಇಬ್ಬರು ಹುಡುಗರನ್ನೇ ಒಬ್ಬ ಅಮಲ್ದಾರ, ಒಬ್ಬ ಸಬ್ ಇನ್‌ಸ್ಪೆಕ್ಟರ್ ಮಾಡಿ ಕೂರಿಸಿದರು. ಅದರ ಬೆಲೆಯೂ ಸಣ್ಣದಲ್ಲ. ಘರ್ಷಣೆಯಲ್ಲಿ ನಿಜವಾದ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಸತ್ತರು, 1943ರ ಮಾರ್ಚ್‌ನಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಲಾಯಿತು. ಮತ್ತೆ 1947ರ ಸೆಪ್ಟೆಂಬರ್‌ನಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ ಅಂತ ‘ಮೈಸೂರು ಚಲೋ’ ನಡೆಯಿತು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಈ ಸಲ ರಾಜರ ಕೈಯಿಂದ ಅಧಿಕಾರ ಹೋದದ್ದು ಮೂರನೆಯವರ ಕೈಗಲ್ಲ.

ಕೊನೆಗೆ ಅಜ್ಜಿಗೆ ಇನ್ನೊಂದು ಪ್ರಶ್ನೆ ಕೇಳಿದ್ವಿ. ಆ ಕೂಟಕ್ಕೆ ನಮ್ಮ ಹಿರಿಯರು ಯಾರಾದರೂ ಹೋಗಿರಬಹುದಾ ಅಂತ.

“ಒಡೇರ್ ಬಾ ಅಂದ್ರೆ ಹೋಗ್ದೆ ಇಪ್ಪುಕ್ ಆತ್ತಾ?” ಅಂದರು ಅಜ್ಜಿ. ಸ್ವಲ್ಪ ಹೊತ್ತು ಬಿಟ್ಟು, “ಹಿಂದೆ ನಿಂತಿರ್ತ್ರ್” ಅಂದರು.